ಜರಿಯ ಸೀರೆಯೂ ಮಿಂಚಿನ ಪುಡಿಯೂ: ಥಳುಕಿನ ಮೇಳಗಳ ಒಂದು ತೌಲನಿಕ ವಿಮರ್ಶೆ

೧

ಕಳೆದ ಶತಮಾನದ ಎಪ್ಪತ್ತರ ದಶಕದ ಆರಂಭದಲ್ಲಿ ಇಂಗ್ಲಂಡ ಮತ್ತು ಅಮೇರಿಕೆಗಳಲ್ಲಿ ‘ಗ್ಲ್ಯಾಮ್ ರಾಕ್’ ಎಂಬ ಸಂಗೀತ ಪ್ರಕಾರವೊಂದು ತಲೆದೋರಿ, ನಾಲ್ಕೈದು ವರ್ಷ ಮೆರೆದು, ಬಂದಷ್ಟೇ ವೇಗದಿಂದ ಮರೆಯಾಯಿತು. ಗಂಡಸರು ಮುಖಕ್ಕೆ ಬಣ್ಣ ಬಳಿದು, ಕಣ್ಣಿಗೆ ಕಾಡಿಗೆ ತೀಡಿ, ಕೆನ್ನೆಗೆ ಮಿಂಚಿನ ಪುಡಿ ಹಚ್ಚಿ, ಹೆಣ್ಣುಡುಗೆಯೋ ಗಂಡುಡುಗೆಯೋ ಎಂದು ನಿರ್ಣಯಿಸಲಾಗದ ಪೋಷಾಕು ಧರಿಸಿ, ಎತ್ತರದ ಹಿಮ್ಮಡಿಯ ಬೂಟುಗಳ ಮೇಲೆ ನಿಂತು, ವಿದ್ಯುತ್ ಗಿಟಾರಿನೊಡನೆ ಹಾಡುವದು ಈ ಪ್ರಕಾರದ ಸ್ಥೂಲ ಲಕ್ಷಣ. ಇಂಥ ತಂಡಗಳನ್ನು ಕನ್ನಡದಲ್ಲಿ ‘ಥಳುಕಿನ ಮೇಳ’ಗಳೆಂದು ಕರೆಯಲು ಅಡ್ಡಿಯಿಲ್ಲ. ಈ ವರ್ಗಕ್ಕೆ ಸೇರಿದ, ಹೆಚ್ಚು ಜನ ಕೇಳರಿಯದ ಒಂದು ಮೇಳವನ್ನು ನಮ್ಮ ಬೆಳಗಾವಿ ಸೀಮೆಯ ಸುತ್ತಮುತ್ತ ಬೆಳೆದ ನಾಟಕ ಕಂಪನಿಗಳ ಸ್ತ್ರೀಪಾತ್ರ ಪರಂಪರೆಯೊಡನೆ ಹೋಲಿಸಿ, ಥಳುಕು ಎಲ್ಲಿ ಕಲೆಯಾಗುವದು, ಎಲ್ಲಿ ಬರಿಯ ಥಳುಕಾಗಿಯೇ ಉಳಿಯುವದು ಎಂಬುದನ್ನು ವಿಚಾರಿಸುವದು ಪ್ರಕೃತ ಲೇಖನದ ಉದ್ದೇಶ.

ಇಂಥ ವಿಷಯವನ್ನು ಕೈಗೆತ್ತಿಕೊಳ್ಳಲು ಈ ಲೇಖಕನಿಗಿರುವ ಅಧಿಕಾರವೇನೆಂದು ವಾಚಕರು ಕೇಳಬಹುದು. ಅಧಿಕಾರವು ತೀರ ಅಲ್ಪವಾದದ್ದು. ಆತನು ಇತಿಹಾಸದ ಅಧ್ಯಾಪಕ. ಶಾಸನಗಳ ಕಾಲನಿರ್ಣಯ ಮತ್ತು ಅರಸರ ವಂಶಾವಳಿಗಳಲ್ಲಿ ಆತನ ಹೊತ್ತು ಕಳೆಯುತ್ತದೆ. ಸಾಮೂಹಿಕ ಆರತಿಯಲ್ಲಿ ಆತನು ದನಿಗೂಡಿಸಿದರೆ ಎಡಬಲದವರು ಒಂದೊಂದು ಹೆಜ್ಜೆ ಸರಿದು ನಿಲ್ಲುತ್ತಾರೆ. ಬಣ್ಣಗಾರಿಕೆಯಲ್ಲಿ ಆತನ ಅನುಭವವು ಅಂಗಿಯ ತೋಳಿಗೆ ಮೆತ್ತಿಕೊಳ್ಳುವ ಸೀಮೆಸುಣ್ಣದ ಆಚೆಗೆ ಹೋಗಿಲ್ಲ. ಆದರೂ ಹಿಂದವಾಡಿಯಲ್ಲಿ ವಾಸಿಸುವವನಿಗೆ ಒಂದು ಅನುಕೂಲತೆಯುಂಟು. ಇಲ್ಲಿ ಕನ್ನಡವೂ ಮರಾಠಿಯೂ ದಿನವೆಲ್ಲ ಕಿವಿಗೆ ಬೀಳುತ್ತವೆ. ಮುಂದೆ ಕಂಡುಬರುವಂತೆ, ಪ್ರಸ್ತುತ ವಿಷಯಕ್ಕೆ ಎರಡು ಕಿವಿಗಳೂ ಬೇಕಾಗುತ್ತವೆ.

೨

ಪಶ್ಚಿಮದ ಥಳುಕಿನ ಮೇಳಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ೧೯೭೧ರ ಮಾರ್ಚ್ ತಿಂಗಳಿನಿಂದ ಆರಂಭಿಸುತ್ತಾರೆ. ಆಗ ಟಿ. ರೆಕ್ಸ್ ಎಂಬ ಮೇಳದ ಗಾಯಕ ಮಾರ್ಕ್ ಬೋಲನ್‌ನು ಬಿ.ಬಿ.ಸಿ. ದೂರದರ್ಶನದಲ್ಲಿ ಕಣ್ಣ ಕೆಳಗೆ ಮಿಂಚಿನ ಪುಡಿ ಹಚ್ಚಿಕೊಂಡು ಹಾಡಿದನು. ಇತಿಹಾಸಕಾರನು ಇಲ್ಲಿ ವ್ಯಕ್ತಿಯೊಡನೆ ಯಂತ್ರವನ್ನೂ ಗಮನಿಸಬೇಕು. ಬಿ.ಬಿ.ಸಿ.ಯ ಮೊದಲನೆಯ ವಾಹಿನಿಯು ಬಣ್ಣದಲ್ಲಿ ಪ್ರಸಾರವಾಗತೊಡಗಿದ್ದು ೧೯೬೯ರಲ್ಲಿ. ಕಪ್ಪು-ಬಿಳುಪಿನ ಪರದೆಯ ಮೇಲೆ ಅದೇ ಪುಡಿಯು ಮೈಲಿಬೇನೆಯ ಕಲೆಗಳಂತೆ ಕಂಡೀತು. ಬಣ್ಣದ ಪರದೆಯೂ, ಮುಖವನ್ನು ಹತ್ತಿರಕ್ಕೆ ಎಳೆದು ತೋರಿಸುವ ಕ್ಯಾಮರಾವೂ ಇದ್ದುದರಿಂದಲೇ ಅದು ಸೌಂದರ್ಯವಾಯಿತು.

ಮರುವರ್ಷ ಡೇವಿಡ್ ಬೋವೀ ಎಂಬ ಗಾಯಕನು ‘ಝಿಗ್ಗಿ ಸ್ಟಾರ್‌ಡಸ್ಟ್’ ಎಂಬ ಕಲ್ಪಿತ ಗಾಯಕನ ಪಾತ್ರವನ್ನು ಧರಿಸಿ ಜಗತ್ಪ್ರಸಿದ್ಧನಾದನು. ಆತನ ೧೯೭೩ರ ಉಡುಪುಗಳನ್ನು ರೂಪಿಸಿದವನು ಜಪಾನಿನ ಕಾನ್ಸಾಯ್ ಯಾಮಾಮೋಟೋ. ಅವುಗಳ ಹಿಂದೆ ಕಬುಕಿ ರಂಗಭೂಮಿಯ ಪ್ರಭಾವವಿದ್ದಿತು. ಜಪಾನಿನಲ್ಲಿ ೧೬೨೯ರಲ್ಲಿ ಸ್ತ್ರೀಯರು ರಂಗವೇರುವದು ನಿಷಿದ್ಧವಾದ ತರುವಾಯ ಆ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತ ಬಂದರೆಂಬುದು ವಿದಿತವೇ ಇದೆ. ಹೀಗೆ ಏಶಿಯಾ ಖಂಡದ ಸ್ತ್ರೀವೇಷವು ಈ ಮೇಳಗಳ ನೆಂಟಸ್ತಿಕೆಯಲ್ಲಿ ಮೊದಲಿನಿಂದಲೂ ಇದೆ. ಬೆಳಗಾವಿಯವರು ಸಂಬಂಧ ಹೇಳಿಕೊಂಡು ಹೋದರೆ ಅಪರಿಚಿತರೆಂದು ಬಾಗಿಲು ಹಾಕುವಂತಿಲ್ಲ.

ಬೋಲನ್ ಮತ್ತು ಬೋವೀ ಪ್ರಸಿದ್ಧರು. ನಮ್ಮ ಪರೀಕ್ಷೆಗೆ ಅಪ್ರಸಿದ್ಧನೊಬ್ಬನು ಹೆಚ್ಚು ಉಪಯುಕ್ತನು. ಗೆದ್ದವನಲ್ಲಿ ಥಳುಕಿನ ಪಾಲೆಷ್ಟು, ಗುಣದ ಪಾಲೆಷ್ಟು ಎಂದು ಬೇರ್ಪಡಿಸುವದು ಕಠಿಣ. ಅಂಥವನು ಅಮೇರಿಕೆಯ ಜೋಬ್ರಾಯಥ್ (೧೯೪೬–೧೯೮೩). ಆತನ ಹಿಮ್ಮೇಳದ ಹೆಸರು ‘ಕ್ರೀಚರ್ಸ್’, ಎಂದರೆ ‘ಜೀವಿಗಳು’. ಹುಟ್ಟುಹೆಸರು ಬ್ರೂಸ್ ಕ್ಯಾಂಪ್‌ಬೆಲ್. ಬಾಲ್ಯದಿಂದ ಪಿಯಾನೋ ಅಭ್ಯಾಸ ಮಾಡಿದವನು. ೧೯೬೮ರಲ್ಲಿ ಲಾಸ್ ಏಂಜಲೀಸಿನಲ್ಲಿ ‘ಹೇರ್’ ಎಂಬ ಸಂಗೀತ ನಾಟಕದಲ್ಲಿ ಪಾತ್ರ ವಹಿಸಿದ್ದವನು. ಆದ್ದರಿಂದ ಈತನೂ ಮೂಲತಃ ನಾಟಕದವನೇ.

ಈತನ ಮೊದಲ ಧ್ವನಿಮುದ್ರಿಕೆಯನ್ನು ಎಲೆಕ್ಟ್ರಾ ಕಂಪನಿಯು ೧೯೭೩ರಲ್ಲಿ ಪ್ರಕಟಿಸಿತು. ವ್ಯವಸ್ಥಾಪಕ ಜೆರ್ರಿ ಬ್ರ್ಯಾಂಟ್‌ನು ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ೪೧ ಅಡಿಗೆ ೪೩ ಅಡಿಯ ಚಿತ್ರಫಲಕವನ್ನು ನಿಲ್ಲಿಸಿದನು. ಬಸ್ಸುಗಳ ಮೈಮೇಲೆಯೂ ಜೋಬ್ರಾಯಥನ ಚಿತ್ರವೇ. ಪ್ಯಾರಿಸ್ಸಿನ ಆಪೆರಾ ಮಂದಿರದಲ್ಲಿ ಪ್ರಥಮ ಪ್ರಯೋಗವಾಗುವದೆಂದೂ, ಅದರಲ್ಲಿ ಗಾಯಕನು ಕಿಂಗ್ ಕಾಂಗ್ ಎಂಬ ದೈತ್ಯ ಕಪಿಯ ವೇಷದಲ್ಲಿ ಗಗನಚುಂಬಿ ಕಟ್ಟಡದ ಪ್ರತಿಕೃತಿಯನ್ನು ಏರುವನೆಂದೂ ಸಾರಲಾಯಿತು. ಆ ಪ್ರಯೋಗವು ಜರುಗಲೇ ಇಲ್ಲ. ಉತ್ಸವಮೂರ್ತಿಯು ಗುಡಿಯಿಂದ ಹೊರಡುವ ಮೊದಲೇ ಬಾಣಬಿರುಸುಗಳೆಲ್ಲ ತೀರಿಹೋದಂತಾಯಿತು. ೧೯೭೪ರಲ್ಲಿ ಎರಡನೆಯ ಧ್ವನಿಮುದ್ರಿಕೆ ಬಂದಿತು. ೧೯೭೫ರಲ್ಲಿ ಜೋಬ್ರಾಯಥ್ ನಿವೃತ್ತನಾದನು. ಬಳಿಕ ಬೇರೆ ಹೆಸರಿನಿಂದ ನ್ಯೂಯಾರ್ಕಿನ ಸಣ್ಣ ಸಭೆಗಳಲ್ಲಿ ಪಿಯಾನೋ ನುಡಿಸಿ ಹಾಡುತ್ತಿದ್ದು, ಮೂವತ್ತಾರನೆಯ ವಯಸ್ಸಿನಲ್ಲಿ ಏಡ್ಸ್ ರೋಗದಿಂದ ತೀರಿಕೊಂಡನು.

ಧ್ವನಿಮುದ್ರಿಕೆಗಳು ನಗೆಪಾಟಲಿನವುಗಳಲ್ಲ. ಪಿಯಾನೋದಲ್ಲಿ ತರಬೇತಾದ ಕೈ ಇದೆ. ರಚನೆಗಳಲ್ಲಿ ನಾಟಕದ ಸಂಸ್ಕಾರವಿದೆ. ಕಂಠವು ಕೆಲವೆಡೆ ಕೃತಕವೆನಿಸಿದರೂ ಅಪ್ರಾಮಾಣಿಕವಲ್ಲ. ಹಾಗಾದರೆ ಸೋಲಿನ ಕಾರಣವೇನು? ಪ್ರಚಾರದ ಅತಿರೇಕವೆಂಬ ಉತ್ತರವು ಅರ್ಧ ಸತ್ಯ. ಉಳಿದರ್ಧವು ಇನ್ನೂ ಕಹಿಯಾದದ್ದು. ಬೇರೆ ಥಳುಕಿನ ಗಾಯಕರು ಹೆಣ್ಣಿಗತನವನ್ನು ಪಾತ್ರವಾಗಿ ಧರಿಸಿ, ಪ್ರದರ್ಶನ ಮುಗಿದೊಡನೆ ಕಳಚಿಡುತ್ತಿದ್ದರು. ಜೋಬ್ರಾಯಥನಾದರೋ ತಾನು ಸಲಿಂಗಾನುರಾಗಿಯೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡನು. ದೊಡ್ಡ ಧ್ವನಿಮುದ್ರಣ ಕಂಪನಿಯ ಆಶ್ರಯದಲ್ಲಿದ್ದು ಹಾಗೆ ಹೇಳಿಕೊಂಡ ರಾಕ್ ಗಾಯಕರಲ್ಲಿ ಈತನೇ ಮೊದಲಿಗನೆಂದು ಗಣಿಸುತ್ತಾರೆ. ಮುಖವಾಡಕ್ಕೆ ಚಪ್ಪಾಳೆ ತಟ್ಟಿದ ಜನ, ಅದರ ಹಿಂದಿನ ಮುಖವನ್ನು ಕಂಡಾಗ ಕೈ ಕಟ್ಟಿ ಕುಳಿತರು. ಪ್ರೇಕ್ಷಕರು ಒಪ್ಪುವದು ಯಾವುದನ್ನು: ವೇಷವನ್ನೋ, ವೇಷಧಾರಿಯನ್ನೋ? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾವಿನ್ನು ನಮ್ಮ ಸೀಮೆಗೆ ಬರೋಣ.

೩

ನಮ್ಮ ಕಡೆಯ ಥಳುಕಿನ ವಂಶಾವಳಿಯು ಎರಡು ಭಾಷೆಗಳ ನಡುವಿನ ಕೈಗಡದ ಲೆಕ್ಕದಂತಿದೆ. ೧೮೪೨ರಲ್ಲಿ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳವು ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಸಂಸ್ಥಾನಿಕರ ಇಚ್ಛೆಯಂತೆ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿಯು ಅಲ್ಲಿಂದ ಆರಂಭವಾಯಿತೆಂದು ಹೇಳುತ್ತಾರೆ. ಅದೇ ೧೮೪೩ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. ಇವರು ಬೆಳಗಾವಿಯಲ್ಲಿ ಕೆಲಕಾಲ ಶಿಕ್ಷಕರಾಗಿದ್ದು, ಮುಂದೆ ೧೮೮೦ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. (ಶಿಕ್ಷಕ ವೃತ್ತಿಯನ್ನು ಬಿಟ್ಟು ಉದ್ಧಾರವಾದವರ ಈ ಉದಾಹರಣೆಯನ್ನು ಸಹೋದ್ಯೋಗಿಗಳು ಮನಸ್ಸಿಗೆ ಹಚ್ಚಿಕೊಳ್ಳದಿರಲಿ.) ಇವರ ಪದಗಳಲ್ಲಿ ಕನ್ನಡದ ಧಾಟಿಗಳು ಸೇರಿರುವದನ್ನು ವಿದ್ವಾಂಸರು ಗುರುತಿಸಿದ್ದಾರೆ. ಇತ್ತ ಮರಾಠಿ ನಾಟಕಗಳ ಪ್ರಭಾವಕ್ಕೆ ಪ್ರತಿಯಾಗಿ ಶಾಂತಕವಿಗಳು ೧೮೭೦ರ ದಶಕದಲ್ಲಿಯೇ ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದ್ದರು. ಕೊಟ್ಟವರಾರು, ತೆಗೆದುಕೊಂಡವರಾರು ಎಂದು ಬಡ್ಡಿಸಹಿತ ಲೆಕ್ಕ ಮಾಡಹೊರಟವನು ಎರಡು ವಹಿಗಳನ್ನೂ ತೆರೆಯಬೇಕಾಗುವದು. ಒಂದೇ ವಹಿಯನ್ನು ಓದುವವರಿಗೆ ಸಾಲವೆಲ್ಲ ಎದುರಿನವರದೇ ಎಂದು ತೋರುವದು ಸಹಜ.

ಈ ಕಂಪನಿಗಳಲ್ಲಿ ಬಹುಕಾಲ ಶಕುಂತಲೆಯೂ ಸುಭದ್ರೆಯೂ ಗಂಡಸರೇ. ನಾರಾಯಣರಾವ್ ರಾಜಹಂಸ, ಎಂದರೆ ಬಾಲಗಂಧರ್ವರು (೧೮೮೮–೧೯೬೭), ೧೯೦೫ರಲ್ಲಿ ಕಿರ್ಲೋಸ್ಕರ ಮಂಡಳಿಯನ್ನು ಸೇರಿ, ೧೯೧೩ರಲ್ಲಿ ಸ್ವಂತ ಮಂಡಳಿಯನ್ನು ಕಟ್ಟಿದರು. ನಮ್ಮ ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು (೧೮೮೬–೧೯೫೨), ಭೀಮಸೇನ ಜೋಶಿಯವರ ಗುರುಗಳೆಂದು ಇಂದು ಪರಿಚಿತರಾಗಿದ್ದಾರೆ. ತಮ್ಮ ಕಾಲದಲ್ಲಿ ಅವರು ಮರಾಠಿ ರಂಗದ ಸುಭದ್ರೆಯೆಂದೂ ಖ್ಯಾತರಾಗಿದ್ದರು. ಮಲ್ಲಿಕಾರ್ಜುನ ಮನಸೂರರು ಬಾಲಕರಾಗಿದ್ದಾಗ ವಾಮನರಾವ್ ಮಾಸ್ತರರ ಕನ್ನಡ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ. ಹಿಂದುಸ್ತಾನಿ ಸಂಗೀತದಲ್ಲಿ ಧಾರವಾಡ ಸೀಮೆಗೆ ಬಂದ ಕೀರ್ತಿಯ ಒಂದು ಬೇರು ಬಣ್ಣದ ಕೋಣೆಯಲ್ಲಿದೆ. ಸಂಗೀತ ಸಭೆಗಳಲ್ಲಿ ಗಂಭೀರವಾಗಿ ತಲೆದೂಗುವ ನಾವು ಈ ಮಾತನ್ನು ನೆನಪಿಸಿಕೊಳ್ಳುವದು ಕಡಿಮೆ.

ಇವರ ಥಳುಕಿಗೂ ಬೋಲನ್‌ನ ಥಳುಕಿಗೂ ಇರುವ ವ್ಯತ್ಯಾಸವು ಮೊದಲು ಅಂತರದ ವ್ಯತ್ಯಾಸ. ದೂರದರ್ಶನದ ಗಾಯಕನನ್ನು ಪ್ರೇಕ್ಷಕನು ಗೇಣುದ್ದದ ಮುಖವಾಗಿ ಕಾಣುತ್ತಾನೆ. ಕಂಪನಿಯ ನಟನನ್ನು ತಗಡಿನ ಥಿಯೇಟರಿನ ಕೊನೆಯ ಸಾಲಿನಲ್ಲಿ, ನೆಲದ ಮೇಲೆ ಕುಳಿತವನೂ ಕಾಣಬೇಕು. ಗ್ಯಾಸಬತ್ತಿಯ ಬೆಳಕಿನಲ್ಲಿ ಸಹಜ ಮೈಬಣ್ಣವು ಕಂದಿಹೋಗುವದರಿಂದ ಸಫೇದವನ್ನೂ ಅರದಾಳವನ್ನೂ ದಪ್ಪನಾಗಿ ಬಳಿಯಲೇಬೇಕು. ಹುಬ್ಬನ್ನು ನಿಜವಾದ ಹುಬ್ಬಿಗಿಂತ ಉದ್ದ ತಿದ್ದಲೇಬೇಕು. ಜರಿಯಂಚು ಇರುವದೂ ಇದಕ್ಕಾಗಿಯೇ. ನಟನು ಹೊರಳಿದಾಗ ಬೆಳಕನ್ನು ಹಿಡಿದು ದೂರದವನಿಗೆ ಚಲನೆಯನ್ನು ತಿಳಿಸುವ ಸಾಧನವದು. ಕಂಠದ ವಿಷಯವೂ ಹೀಗೆಯೇ. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕಾಲ್ಪೆಟ್ಟಿಗೆಯನ್ನೂ ತಬಲೆಯನ್ನೂ ಮೀರಿ ದನಿಯು ಹೊರಗೆ ಹೋಗಬೇಕಾಗಿತ್ತು. ಎತ್ತರದ ಶ್ರುತಿಯು ಸ್ತ್ರೀಪಾತ್ರಕ್ಕೆ ಒಪ್ಪುವಷ್ಟೇ ಕೊನೆಯ ಸಾಲಿಗೂ ಒಪ್ಪುತ್ತಿದ್ದಿತು. ಹೀಗೆ ಕಂಪನಿಯ ಥಳುಕಿನಲ್ಲಿ ಬಹುಪಾಲು ಕೆಲಸ ಮಾಡುವ ಥಳುಕು. ಟೈಮ್ಸ್ ಚೌಕದ ಫಲಕವಾದರೋ ಯಾರಿಗೂ ಏನನ್ನೂ ಕೇಳಿಸಲಿಲ್ಲ.

ಖರ್ಚಿನ ಹುಚ್ಚು ಮಾತ್ರ ಎರಡೂ ಕಡೆ ಸಮಾನ. ಬಾಲಗಂಧರ್ವರು ಉಚ್ಚ ತರಗತಿಯ ರೇಶಿಮೆ, ನಿಜವಾದ ಆಭರಣ, ಬೆಲೆಬಾಳುವ ಅತ್ತರುಗಳಿಗೆ ಹಣ ಸುರಿದರು. ಮಂಡಳಿಯು ಸಾಲದಲ್ಲಿ ಮುಳುಗಿತು. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನು ರಂಗದ ಮೇಲೆ ತಂದರು. ಆನೆಯ ಮೇವಿನ ಖರ್ಚನ್ನು ಟಿಕೀಟಿನ ದರದಿಂದ ಭಾಗಿಸಿ ನೋಡುವ ಅರ್ಥಶಾಸ್ತ್ರಜ್ಞನು ಆ ಕಾಲದ ಯಾವ ಕಂಪನಿಯಲ್ಲಿಯೂ ಇದ್ದಂತೆ ತೋರುವದಿಲ್ಲ. ಆದರೆ ಒಂದು ಭೇದವನ್ನು ಮರೆಯಲಾಗದು. ಜೋಬ್ರಾಯಥನ ಹಣವು ಪ್ರೇಕ್ಷಕನು ಬರುವ ಮೊದಲೇ ಬೀದಿಯಲ್ಲಿ ಖರ್ಚಾಯಿತು. ಬಾಲಗಂಧರ್ವರ ಹಣವು ಪ್ರೇಕ್ಷಕನ ಎದುರಿಗೆ, ರಂಗದ ಮೇಲೆ ಖರ್ಚಾಯಿತು. ನಾಲ್ಕಾಣೆ ಕೊಟ್ಟು ಬಂದವನಿಗೆ ಸಾವಿರಾರು ರೂಪಾಯಿಯ ಶಾಲು ಕಾಣಸಿಕ್ಕಿತು. ಅವಿವೇಕವೆಂದರೂ ಸರಿಯೇ, ಆ ಅವಿವೇಕದಲ್ಲಿ ಪ್ರೇಕ್ಷಕನಿಗೆ ಪಾಲಿತ್ತು.

೪

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ದೂರಮಾಡುವದು ಅವಶ್ಯ. ಸ್ತ್ರೀಪಾತ್ರಧಾರಿಯು ‘ನಿಜವಾದ ಹೆಣ್ಣೇ ಎಂದು ಜನರನ್ನು ನಂಬಿಸಿದನು’ ಎಂದು ಅಭಿನಂದನ ಗ್ರಂಥಗಳಲ್ಲಿ ಬರೆಯುವ ವಾಡಿಕೆಯಿದೆ. ಇದು ಹೊಗಳಿಕೆಯಂತೆ ಕಂಡರೂ ನಟನಿಗೂ ಪ್ರೇಕ್ಷಕನಿಗೂ ಅವಮಾನಕರ. ಪ್ರೇಕ್ಷಕನು ಮೋಸಹೋಗಲಿಲ್ಲ. ಹ್ಯಾಂಡಬಿಲ್ಲಿನಲ್ಲಿ ನಟನ ಹೆಸರನ್ನು ಓದಿಯೇ ಆತನು ಟಿಕೀಟು ಕೊಂಡಿದ್ದನು. ಆತನು ಮೆಚ್ಚಿದ್ದು ಹೆಣ್ಣನ್ನಲ್ಲ. ಗಂಡಸೊಬ್ಬನು ಹೆಣ್ಣಿನ ನಡೆಯನ್ನೂ ನೋಟವನ್ನೂ ಕಲಿತು, ಆಯ್ದು, ತಿದ್ದಿ ರೂಪಿಸಿದ ಒಂದು ಕೃತಿಯನ್ನು. ಮಹಾರಾಷ್ಟ್ರದ ಮಹಿಳೆಯರು ಬಾಲಗಂಧರ್ವರ ಸೀರೆಯ ಉಡಿಗೆಯನ್ನೂ ಆಭರಣಗಳ ಮಾದರಿಯನ್ನೂ ಅನುಕರಿಸಿದರೆಂಬ ಸಂಗತಿಯು ಪ್ರಸಿದ್ಧವಾಗಿದೆ. ಇಲ್ಲಿ ಹೆಂಗಸರು ಗಂಡಸಿನಿಂದ ಹೆಂಗಸಾಗುವದನ್ನು ಕಲಿತರು! ಸಹಜವೆಂಬುದು ಎಷ್ಟರಮಟ್ಟಿಗೆ ಸಹಜ ಎಂಬ ಪ್ರಶ್ನೆಯನ್ನು ಬೋವೀಗಿಂತ ಅರ್ಧ ಶತಮಾನ ಮುಂಚೆಯೇ ನಮ್ಮ ಅಜ್ಜಿಯಂದಿರು ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ಎತ್ತಿದ್ದರು.

ಇಂಥ ಕಲೆಯನ್ನು ನೋಡಿ ನಗುವ ಹಕ್ಕು ನಮಗೆ, ಅಧ್ಯಾಪಕ ವರ್ಗದವರಿಗೆ, ಇದೆಯೇ ಎಂಬುದೂ ವಿಚಾರಾರ್ಹ. ಘಟಿಕೋತ್ಸವದ ದಿನ ಕೆಲವೆಡೆ ಮೊಳಕಾಲ ಕೆಳಗಿನವರೆಗೆ ಬರುವ ಗೌನು, ಕೆಲವೆಡೆ ಜರಿಯ ಪೇಟ ಮತ್ತು ಶಾಲು; ಅಂಚಿನ ಬಣ್ಣವು ಪದವಿಗೆ ತಕ್ಕಂತೆ; ಬಹುತೇಕ ಬಾಡಿಗೆಯದು, ಸಂಜೆಯೊಳಗೆ ಮರಳಿಸಬೇಕಾದದ್ದು. ವಾದ್ಯದ ಹಿಂದೆ ಎರಡು ಸಾಲಾಗಿ ನಡೆಯುವಾಗ ನಾವು ಮುಖದಲ್ಲಿ ತಂದುಕೊಳ್ಳುವ ಗಾಂಭೀರ್ಯವು ಯಾವ ರಾಜಾಪಾರ್ಟಿಗೂ ಕಡಿಮೆಯದಲ್ಲ. ಕಂಪನಿಯವರು ತಮ್ಮ ಗಂಭೀರ ನಾಟಕದ ನಡುವೆ ಹಾಸ್ಯದ ಪ್ರವೇಶವನ್ನಿಟ್ಟು ತಮ್ಮನ್ನು ತಾವೇ ನಕ್ಕುಕೊಳ್ಳುತ್ತಿದ್ದರು: ಅತ್ತ ರಾಜನು ವಿರಹದಿಂದ ಹಾಡಿ ಹೋದೊಡನೆ ಇತ್ತ ಆತನ ಸೇವಕನು ಅದೇ ವಿರಹವನ್ನು ಹೊಟ್ಟೆಯ ಹಸಿವಿಗೆ ಹೊಂದಿಸಿ ಆಡುವನು. ಈ ವ್ಯವಸ್ಥೆಯು ಥಳುಕಿಗೆ ಬಹು ಅವಶ್ಯಕವಾದ ಔಷಧ. ಜೋಬ್ರಾಯಥನ ಪ್ರಚಾರದಲ್ಲಿ ಇಲ್ಲದಿದ್ದುದು ಇದೇ. ನಮ್ಮ ಘಟಿಕೋತ್ಸವಗಳಲ್ಲಿಯೂ, ಸಂಶೋಧನ ಪತ್ರಿಕೆಗಳಲ್ಲಿಯೂ ಇದಕ್ಕೆ ಎಡೆ ಮಾಡಿಕೊಟ್ಟರೆ ಕೆಡುಕಾಗದು.

೫

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಬಣ್ಣ ಕಳಚಿದ ಮೇಲೆ ಪ್ರೇಕ್ಷಕನು ಯಾರನ್ನು ಒಪ್ಪುತ್ತಾನೆ? ೧೯೩೫ರಲ್ಲಿ ವ್ಹಿ. ಶಾಂತಾರಾಮರ ‘ಧರ್ಮಾತ್ಮಾ’ ಚಲನಚಿತ್ರದಲ್ಲಿ ಬಾಲಗಂಧರ್ವರು ಸಂತ ಏಕನಾಥರ ಪುರುಷಪಾತ್ರವನ್ನು ವಹಿಸಿದರು. ಕಂಠವು ಅದೇ, ಭಕ್ತಿಯೂ ಕಡಿಮೆಯಿರಲಿಲ್ಲ. ಆದರೆ ಜನ ಬಯಸಿದ್ದು ಸೀರೆಯುಟ್ಟವರನ್ನು. ೧೯೩೮ರ ಸುಮಾರಿಗೆ ಬೀಳಗಿಯ ಗೋಹರಬಾಯಿ ಕರ್ನಾಟಕಿಯವರು ಗಂಧರ್ವ ಮಂಡಳಿಯನ್ನು ಸೇರಿ ನಾಯಿಕೆಯ ಪಾತ್ರಗಳನ್ನು ವಹಿಸತೊಡಗಿದಾಗಲೂ ಹಳೆಯ ಅಭಿಮಾನಿಗಳು ಮುನಿಸಿಕೊಂಡರು. ಗಂಡಸು ಗಂಡಸಾಗಿ ಬಂದುದೂ ತಪ್ಪಾಯಿತು, ಹೆಂಗಸು ಹೆಂಗಸಾಗಿ ಬಂದುದೂ ತಪ್ಪಾಯಿತು. ಈ ಮಟ್ಟಿಗೆ ಪುಣೆ-ಮುಂಬಯಿಯ ಪ್ರೇಕ್ಷಕರೂ ನ್ಯೂಯಾರ್ಕಿನವರೂ ಒಂದೇ ಜಾತಿಯವರು: ಮುಖವಾಡವನ್ನು ಪ್ರೀತಿಸಿದವರು ಮುಖಕ್ಕೆ ಋಣಿಗಳಾಗಲು ಒಪ್ಪಲಿಲ್ಲ.

ಇದಕ್ಕೆ ಅಪವಾದವಾಗಿ ನಿಲ್ಲುವವರು ನಮ್ಮ ಜಿಲ್ಲೆಯ ಏಣಗಿ ಬಾಳಪ್ಪನವರು. ಸವದತ್ತಿ ತಾಲೂಕಿನ ಏಣಗಿಯಲ್ಲಿ ೧೯೧೪ರಲ್ಲಿ ಹುಟ್ಟಿ, ೨೦೧೭ರಲ್ಲಿ ತೀರಿಕೊಂಡ ಇವರು ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದವರು. ತರುವಾಯ ‘ಕಲಾವೈಭವ ನಾಟ್ಯ ಸಂಘ’ವನ್ನು ನಡೆಯಿಸುತ್ತ, ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನ ಪಾತ್ರವನ್ನು ಧರಿಸಿದರು. ಜನ ಅವರಲ್ಲಿ ಬಸವಣ್ಣನನ್ನೇ ಕಂಡು ಕೈಮುಗಿದರೆಂಬ ಮಾತು ಇಂದಿಗೂ ಉತ್ತರ ಕರ್ನಾಟಕದಲ್ಲಿ ಕೇಳಿಬರುವದು. ಸೀರೆಯಿಂದ ಶಿವದಾರಕ್ಕೆ ಬಂದ ಈ ನಟನನ್ನು ಪ್ರೇಕ್ಷಕರು 'ನೀನು ಹೆಣ್ಣುವೇಷದವನು' ಎಂದು ಹಿಂದಕ್ಕೆ ಕಳುಹಿಸಲಿಲ್ಲ. ಏಕೆ? ನನ್ನ ಅಭಿಪ್ರಾಯದಲ್ಲಿ ಇದರ ಕಾರಣವು ತಾಲೀಮಿನಲ್ಲಿದೆ. ತನ್ನದಲ್ಲದ ಜೀವದ ಒಳಗನ್ನು ಹೊಗುವದನ್ನು ಸ್ತ್ರೀಪಾತ್ರವು ಅವರಿಗೆ ಕಲಿಸಿತ್ತು. ಜರಿಯು ಹೋದ ಮೇಲೂ ಆ ವಿದ್ಯೆ ಉಳಿಯಿತು. ಇದೇ ಥಳುಕಿನ ಒರೆಗಲ್ಲು: ಹೊಳಪನ್ನು ತೆಗೆದಿಟ್ಟಾಗ ಕೈಯಲ್ಲಿ ವಿದ್ಯೆಯೊಂದು ಉಳಿದರೆ ಅದು ಕಲೆಯಾಗಿತ್ತು, ಏನೂ ಉಳಿಯದಿದ್ದರೆ ಥಳುಕಾಗಿತ್ತು. ಜೋಬ್ರಾಯಥನ ಪಿಯಾನೋ ಈ ಒರೆಗಲ್ಲಿನಲ್ಲಿ ತೇರ್ಗಡೆಯಾಗುವದು. ಆತನ ಚಿತ್ರಫಲಕವು ಆಗದು. ಅನುತ್ತೀರ್ಣರಾದವರಲ್ಲಿ ಆತನ ಕಾಲದ ಪ್ರೇಕ್ಷಕರನ್ನೂ ಸೇರಿಸಬೇಕು.

ಕೊನೆಯದಾಗಿ ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಗೊಂದು ಸೂಚನೆ. ಬೆಳಗಾವಿಯ ಕೋಟೆಯ ಕಮಲ ಬಸದಿಯನ್ನು ೧೨೦೪ರಲ್ಲಿ ರಟ್ಟರ ಮಂತ್ರಿ ಬೀಚಿರಾಜನು ಕಟ್ಟಿಸಿದನೆಂದು ನಾವು ಖಚಿತವಾಗಿ ಹೇಳಬಲ್ಲೆವು. ಖಾನಾಪುರ ತಾಲೂಕಿನ ಹಲಸಿಯ ತಾಮ್ರಪಟಗಳಿಂದ ಒಂದೂವರೆ ಸಾವಿರ ವರ್ಷಗಳ ಹಿಂದಿನ ಕದಂಬರ ದಾನಗಳನ್ನು ಓದಬಲ್ಲೆವು. ಆದರೆ ನಮ್ಮ ಮುತ್ತಜ್ಜಂದಿರು ಚಕ್ಕಡಿ ಕಟ್ಟಿಕೊಂಡು ಹೋಗಿ ನೋಡಿದ ನಾಟಕದ ರಾಣಿಯು ಉಟ್ಟ ಸೀರೆಯ ಬಣ್ಣ ಯಾವುದೆಂದು ಹೇಳಲಾರೆವು. ತಾಮ್ರವು ಬಾಳುವದು, ಜರಿಯು ಕಪ್ಪಾಗುವದು. ಹ್ಯಾಂಡಬಿಲ್ಲುಗಳು, ಬಣ್ಣದ ಪೆಟ್ಟಿಗೆಗಳು, ಕ್ಯಾಂಪಿನ ಜಮಾಖರ್ಚಿನ ವಹಿಗಳು, ಅಡವಿಟ್ಟ ಆಭರಣಗಳ ಚೀಟಿಗಳು ಈಗಲೂ ಹಳೆಯ ಮನೆಗಳ ಅಟ್ಟದ ಮೇಲೆ ಇದ್ದಾವು. ಬನಶಂಕರಿಯ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳು ಕ್ಯಾಂಪು ಹಾಕುತ್ತವೆ. ಕೇಳಿದರೆ ಹೇಳುವ ಹಿರಿಯ ಕಲಾವಿದರು ಅಲ್ಲಿ ಸಿಗುತ್ತಾರೆ. ಈ ಸಾಮಗ್ರಿಯನ್ನು ಸಂಗ್ರಹಿಸುವವನು ಕನ್ನಡದ ಅಟ್ಟವನ್ನೂ ಮರಾಠಿಯ ಅಟ್ಟವನ್ನೂ ಸಮನಾಗಿ ಹತ್ತಬೇಕು. ಗಡಿಯ ವಾದದಲ್ಲಿ ಯಾರ ಪಕ್ಷಕ್ಕೂ ಇದರಿಂದ ಸಾಕ್ಷಿ ದೊರೆಯಲಾರದು. ಎರಡೂ ಪಕ್ಷದವರ ಹಿರಿಯರು ಒಂದೇ ತಗಡಿನ ಕೆಳಗೆ ಕುಳಿತು, ಒಂದೇ ಸೀರೆಯ ಅಂಚನ್ನು ನೋಡಿ, ಒಟ್ಟಿಗೆ ‘ವನ್ಸ್ ಮೋರ್’ ಎಂದು ಕೂಗಿದರೆಂಬ ಸಾಕ್ಷಿಯು ಮಾತ್ರ ಹೇರಳವಾಗಿ ದೊರೆಯುವದು.